ತಲೆಯ ಸ್ಕ್ಯಾನಿನಲ್ಲಿ ಸುಣ್ಣದ ಚುಕ್ಕೆ: ಯಾವುದು ಸಹಜ, ಯಾವುದನ್ನು ಕೇಳಿ ತಿಳಿಯಬೇಕು

ಮಳೆಗಾಲ ಶುರುವಾದರೆ ಮಲೆನಾಡಿನಲ್ಲಿ ಬಿದ್ದು ಪೆಟ್ಟು ಮಾಡಿಕೊಳ್ಳುವವರು ಜಾಸ್ತಿ. ಅಂಗಳಕ್ಕೆ ಹಾಸಿದ ಅಡಿಕೆ ದಬ್ಬೆಯ ಮೇಲೆ ಕಾಲು ಜಾರುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಬೈಕ್ ಮಗುಚುತ್ತದೆ. ಮಳೆ ಮುಗಿದು ಕೊನೆ ಕೊಯ್ಲು ಬಂದರೆ ಮರದಿಂದ ಬಿದ್ದವರ ಸುದ್ದಿ. ತಲೆಗೆ ಪೆಟ್ಟಾದರೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸುವುದು ಈಗ ಮಾಮೂಲಾಗಿದೆ. ರಕ್ತಸ್ರಾವ ಇಲ್ಲ, ಮೂಳೆ ಮುರಿದಿಲ್ಲ ಎಂದು ಡಾಕ್ಟರು ಧೈರ್ಯ ಹೇಳಿ ಮನೆಗೆ ಕಳಿಸುತ್ತಾರೆ. ಅಷ್ಟರಲ್ಲಿ ರಿಪೋರ್ಟು ಮಗನ ಫೋನಿಗೂ ಬಂದಿರುತ್ತದೆ. ಅದರ ನಡುವೆ ಒಂದು ಸಾಲು: ‘ಪೀನಿಯಲ್ ಮತ್ತು ಕೊರಾಯ್ಡ್ ಪ್ಲೆಕ್ಸಸ್‌ನಲ್ಲಿ ಫಿಸಿಯೊಲಾಜಿಕಲ್ ಕ್ಯಾಲ್ಸಿಫಿಕೇಶನ್.’

ಅಲ್ಲಿಗೆ ಮನೆಯ ನೆಮ್ಮದಿ ಹೋಯಿತು. ‘ಮೆದುಳಲ್ಲಿ ಸುಣ್ಣ ಕಟ್ಟಿದೆಯಂತೆ’ ಎಂಬ ಮಾತು ಸಂಜೆಯೊಳಗೆ ನೆಂಟರಿಗೆಲ್ಲ ತಲುಪುತ್ತದೆ. ಒಬ್ಬರು ಮಣಿಪಾಲಕ್ಕೆ ಹೋಗಿ ಎನ್ನುತ್ತಾರೆ, ಇನ್ನೊಬ್ಬರು ಬೆಂಗಳೂರಿನ ನಿಮ್ಹಾನ್ಸ್‌ಗೇ ತೋರಿಸಿಬಿಡಿ ಎನ್ನುತ್ತಾರೆ. ಕಾರು ಬಾಡಿಗೆ, ಕೆಲಸಕ್ಕೆ ರಜೆ, ನಿದ್ದೆಯಿಲ್ಲದ ರಾತ್ರಿಗಳು. ಇಷ್ಟೆಲ್ಲ ಆಗುವುದು ಬಹುಪಾಲು ಸಲ ಯಾವ ಚಿಕಿತ್ಸೆಯೂ ಬೇಡದ ಒಂದು ಚುಕ್ಕೆಗಾಗಿ. ಆ ಚುಕ್ಕೆ ಏನು, ಯಾಕೆ ಬರುತ್ತದೆ, ಯಾವಾಗ ಮಾತ್ರ ಗಮನ ಕೊಡಬೇಕು ಎಂಬುದನ್ನು ಬುಡದಿಂದ ನೋಡೋಣ.

ಸಿ.ಟಿ.ಯಲ್ಲಿ ಬಿಳಿ ಕಾಣುವುದು ಯಾಕೆ?

ಸಿ.ಟಿ. ಯಂತ್ರ ಕೆಲಸ ಮಾಡುವುದು ಎಕ್ಸ್-ರೇಯಿಂದಲೇ. ಮಾಮೂಲಿ ಎಕ್ಸ್-ರೇಯಲ್ಲಿ ಕಿರಣಗಳು ಒಂದೇ ದಿಕ್ಕಿನಿಂದ ಹಾಯುತ್ತವೆ. ಸಿ.ಟಿ.ಯಲ್ಲಿ ಕಿರಣ ಬಿಡುವ ಕೊಳವೆ ತಲೆಯ ಸುತ್ತ ತಿರುಗುತ್ತದೆ. ಯಾವ ಕಡೆಯಿಂದ ಎಷ್ಟು ಕಿರಣ ದಾಟಿ ಬಂತು ಎಂದು ಕಂಪ್ಯೂಟರ್ ಲೆಕ್ಕ ಹಾಕಿ, ತಲೆಯ ಒಂದೊಂದು ಪದರದ ಚಿತ್ರ ಕಟ್ಟಿಕೊಡುತ್ತದೆ. ಇದನ್ನು ರೂಪಿಸಿದ ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. 1971ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂತು.

ಚಿತ್ರದ ಪ್ರತಿ ಚುಕ್ಕೆಗೂ ಒಂದು ಅಂಕಿ ಇರುತ್ತದೆ. ಅದಕ್ಕೆ ಹೌನ್ಸ್‌ಫೀಲ್ಡ್ ಅವರ ಹೆಸರನ್ನೇ ಇಟ್ಟಿದ್ದಾರೆ. ನೀರಿಗೆ ಸೊನ್ನೆ. ಗಾಳಿಗೆ ಸೊನ್ನೆಗಿಂತ ಸಾವಿರ ಕಡಿಮೆ. ಮೆದುಳಿನ ಭಾಗಕ್ಕೆ ಸುಮಾರು 20ರಿಂದ 40. ಹೊಸದಾಗಿ ಒಸರಿದ ರಕ್ತಕ್ಕೆ ಸುಮಾರು 50ರಿಂದ 90. ಸುಣ್ಣದ ಅಂಶ ಗಟ್ಟಿಯಾಗಿ ಕೂತ ಜಾಗದಲ್ಲಿ ಅಂಕಿ ಸಾಮಾನ್ಯವಾಗಿ 100 ದಾಟುತ್ತದೆ. ಗಟ್ಟಿ ಮೂಳೆಗೆ ಇನ್ನೂ ಹೆಚ್ಚು. ಅಂಕಿ ಹೆಚ್ಚಿದಷ್ಟೂ ಚಿತ್ರದಲ್ಲಿ ಬಿಳಿ.

ಹಾಗಾಗಿ ಸಿ.ಟಿ.ಯಲ್ಲಿ ರಕ್ತವೂ ಬಿಳಿ, ಸುಣ್ಣವೂ ಬಿಳಿ. ನಮ್ಮ ಕಣ್ಣಿಗೆ ಎರಡೂ ಒಂದೇ ಥರ ಕಾಣಬಹುದು. ರೇಡಿಯಾಲಜಿಸ್ಟ್ ಆ ಚುಕ್ಕೆಯ ಅಂಕಿ ನೋಡುತ್ತಾರೆ, ಅದು ಕೂತ ಜಾಗ ನೋಡುತ್ತಾರೆ, ಅಂಚು ಎಷ್ಟು ಸ್ಪಷ್ಟವಾಗಿದೆ ಎಂದು ನೋಡುತ್ತಾರೆ. ಆಗಲೂ ಅನುಮಾನ ಉಳಿದರೆ ಕೆಲವು ಗಂಟೆ ಅಥವಾ ದಿನ ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿಸುತ್ತಾರೆ. ರಕ್ತ ದಿನ ಕಳೆದಂತೆ ಬದಲಾಗುತ್ತದೆ, ಕರಗುತ್ತದೆ. ಸುಣ್ಣ ಇದ್ದಲ್ಲೇ ಇದ್ದಂತೆ ಇರುತ್ತದೆ.

ಕ್ಯಾಲ್ಸಿಫಿಕೇಶನ್ ಎಂದರೆ ಏನು?

ದೇಹದ ಯಾವುದೋ ಮೆದು ಭಾಗದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಸಣ್ಣ ಹರಳುಗಳಾಗಿ ಕೂರುವುದಕ್ಕೆ ಈ ಹೆಸರು. ನಮ್ಮ ಮೂಳೆ, ಹಲ್ಲು ಗಟ್ಟಿಯಾಗಿರುವುದೂ ಇದೇ ಬಗೆಯ ಹರಳಿನಿಂದ. ವಯಸ್ಸಾದಂತೆ ದೇಹದ ಹಲವು ಕಡೆ ಇದು ನಡೆಯುತ್ತದೆ. ಪಕ್ಕೆಲುಬಿನ ತುದಿಯ ಮೃದ್ವಸ್ಥಿಯಲ್ಲಿ, ರಕ್ತನಾಳದ ಗೋಡೆಯಲ್ಲಿ, ಭುಜದ ಸ್ನಾಯುವಿನ ತುದಿಯಲ್ಲಿ. ಮೆದುಳೂ ಇದಕ್ಕೆ ಹೊರತಲ್ಲ.

ರಿಪೋರ್ಟಿನಲ್ಲಿ ‘ಫಿಸಿಯೊಲಾಜಿಕಲ್’ ಎಂದು ಬರೆದಿದ್ದರೆ ಈ ಸುಣ್ಣ ರೋಗದಿಂದ ಬಂದದ್ದಲ್ಲ, ದೇಹದ ಸಹಜ ನಡೆ ಎಂದು ಡಾಕ್ಟರು ತೀರ್ಮಾನಿಸಿದ್ದಾರೆ ಎಂದರ್ಥ. ನಮ್ಮ ಕಡೆಯ ಜಂಬಿಟ್ಟಿಗೆ ಪಾಗಾರದ ಮೇಲೆ ಹಾವಸೆ ಬೆಳೆದಿರುತ್ತದಲ್ಲ, ಅದನ್ನು ನೆನೆಸಿಕೊಳ್ಳಿ. ಗೋಡೆ ಎಷ್ಟೋ ಮಳೆ ಕಂಡಿದೆ ಎಂದಷ್ಟೇ ಅದು ಹೇಳುತ್ತದೆ, ಬಿರುಕು ಬಿಟ್ಟಿದೆ ಎಂದಲ್ಲ. ಆ ‘ಫಿಸಿಯೊಲಾಜಿಕಲ್’ ಎಂಬ ಒಂದು ಪದವನ್ನು ಯಾರೂ ವಿವರಿಸದೇ ಇರುವುದರಿಂದಲೇ ಎಷ್ಟೋ ಮನೆಗಳಲ್ಲಿ ಗಾಬರಿ ಹುಟ್ಟುತ್ತದೆ. ವಿವರಿಸಲು ಎರಡು ನಿಮಿಷ ಸಾಕು. ಕೇಳಲು ನಾವೂ ಸಂಕೋಚಪಡಬಾರದು.

ಸುಣ್ಣ ಕೂರುವ ಜಾಗಗಳು

ಮೊದಲನೆಯದು, ಎಲ್ಲಕ್ಕಿಂತ ಹೆಚ್ಚು ಜನರಲ್ಲಿ ಕಾಣುವುದು, ಪೀನಿಯಲ್ ಗ್ರಂಥಿ. ಮೆದುಳಿನ ನಟ್ಟನಡುವೆ, ಹಿಂಭಾಗಕ್ಕೆ ಇರುವ ಪುಟ್ಟ ಗ್ರಂಥಿ ಇದು. ಉದ್ದ ಒಂದು ಸೆಂಟಿಮೀಟರಿಗಿಂತ ಕಡಿಮೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನು ಬಿಡುವುದು ಇದರ ಕೆಲಸ. ಹಗಲು ರಾತ್ರಿಯ ಲೆಕ್ಕ ದೇಹಕ್ಕೆ ಗೊತ್ತಾಗುವುದು ಇದರಿಂದ. ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಪೀನಿಯಲ್‌ನಲ್ಲಿ ಸುಣ್ಣದ ಕಣ ಇರುತ್ತದೆ. ಹದಿಹರೆಯದವರಲ್ಲೂ ಕಾಣಬಹುದು. ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತವರ ತಲೆಯಲ್ಲೂ ಇದು ಇರುವ ಸಾಧ್ಯತೆ ಹೆಚ್ಚು. ಅವರು ಸ್ಕ್ಯಾನ್ ಮಾಡಿಸಿಲ್ಲ, ಅಷ್ಟೇ ವ್ಯತ್ಯಾಸ.

ಈ ಸುಣ್ಣ ಒಂದು ಕಾಲದಲ್ಲಿ ಡಾಕ್ಟರುಗಳಿಗೆ ದೊಡ್ಡ ಉಪಕಾರವನ್ನೇ ಮಾಡಿತ್ತು. ಸಿ.ಟಿ. ಬರುವ ಮುಂಚೆ ಮೆದುಳಿನ ಒಳಗೆ ಏನಾಗಿದೆ ಎಂದು ನೋಡಲು ಸುಲಭದ ದಾರಿ ಇರಲಿಲ್ಲ. ಮಾಮೂಲಿ ಎಕ್ಸ್-ರೇಯಲ್ಲಿ ಮೆದುಳು ಕಾಣುವುದಿಲ್ಲ. ಆದರೆ ಸುಣ್ಣ ಕೂತ ಪೀನಿಯಲ್ ಒಂದು ಬಿಳಿ ಚುಕ್ಕೆಯಾಗಿ ಕಾಣುತ್ತಿತ್ತು. ಅದು ಸರಿಯಾಗಿ ಮಧ್ಯದಲ್ಲಿರಬೇಕು. ಪಕ್ಕಕ್ಕೆ ಸರಿದಿದ್ದರೆ ಇನ್ನೊಂದು ಬದಿಯಲ್ಲಿ ರಕ್ತವೋ ಗಡ್ಡೆಯೋ ಸೇರಿ ಮೆದುಳನ್ನು ತಳ್ಳುತ್ತಿದೆ ಎಂದು ಅಂದಾಜು ಮಾಡುತ್ತಿದ್ದರು. ಇವತ್ತು ಮನೆಮಂದಿಯನ್ನು ಹೆದರಿಸುವ ಅದೇ ಚುಕ್ಕೆಯಿಂದ ಆಗ ಎಷ್ಟೋ ಜನರ ತೊಂದರೆ ಪತ್ತೆಯಾಯಿತು.

ಪೀನಿಯಲ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 17ನೇ ಶತಮಾನದ ಫ್ರಾನ್ಸಿನ ಚಿಂತಕ ರೆನೆ ಡೆಕಾರ್ಟ್ ಇದನ್ನು ಆತ್ಮದ ನೆಲೆ ಎಂದು ನಂಬಿದ್ದರು. ಈಗ ಫೋನಿನಲ್ಲಿ ಬರುವ ವಿಡಿಯೋಗಳು ಇದನ್ನು ಮೂರನೇ ಕಣ್ಣು ಎನ್ನುತ್ತವೆ, ಸುಣ್ಣ ಕಟ್ಟಿದರೆ ಆ ಕಣ್ಣು ಮುಚ್ಚುತ್ತದೆ, ಈ ಪುಡಿ ತಿಂದರೆ ಕರಗುತ್ತದೆ ಎನ್ನುತ್ತವೆ. ಪೀನಿಯಲ್‌ನ ಸುಣ್ಣ ಕರಗಿಸುವ ಮಾನ್ಯವಾದ ಔಷಧಿ ಯಾವುದೂ ಇಲ್ಲ. ಕರಗಿಸುವ ಅಗತ್ಯವೂ ಇಲ್ಲ. ಆ ಪುಡಿಗೆ ದುಡ್ಡು ಕೊಡಬೇಡಿ.

ಎರಡನೆಯ ಜಾಗ ಕೊರಾಯ್ಡ್ ಪ್ಲೆಕ್ಸಸ್. ಮೆದುಳಿನ ಒಳಗೆ ನೀರು ತುಂಬಿದ ಕೋಣೆಗಳಿವೆ. ಆ ನೀರನ್ನು ತಯಾರಿಸುವುದು ಈ ಭಾಗ. ದಿನಕ್ಕೆ ಸುಮಾರು ಅರ್ಧ ಲೀಟರ್ ನೀರು ಹೀಗೆ ತಯಾರಾಗಿ, ಮೆದುಳು ಮತ್ತು ಬೆನ್ನುಹುರಿಯ ಸುತ್ತ ಹರಿದು, ಮತ್ತೆ ರಕ್ತಕ್ಕೆ ಸೇರುತ್ತದೆ. ಎಡಕ್ಕೊಂದು ಬಲಕ್ಕೊಂದು ಬಿಳಿ ಚುಕ್ಕೆ ಕಂಡಿದೆ ಎಂದರೆ ಸಾಮಾನ್ಯವಾಗಿ ಇಲ್ಲಿಯದ್ದೇ. ನಲವತ್ತು ದಾಟಿದವರಲ್ಲಿ ತುಂಬಾ ಸಾಮಾನ್ಯ.

ಈ ಎರಡೂ ಜಾಗಗಳಿಗೆ ಒಂದು ಸಮಾನ ಗುಣವಿದೆ. ರಕ್ತದಲ್ಲಿರುವ ಎಲ್ಲವೂ ಮೆದುಳಿಗೆ ಸುಲಭವಾಗಿ ನುಗ್ಗದಂತೆ ಸಣ್ಣ ರಕ್ತನಾಳಗಳಲ್ಲೇ ಒಂದು ತಡೆ ಇದೆ. ಪೀನಿಯಲ್ ಮತ್ತು ಕೊರಾಯ್ಡ್ ಪ್ಲೆಕ್ಸಸ್‌ನ ರಕ್ತನಾಳಗಳಲ್ಲಿ ಆ ತಡೆ ಇಲ್ಲ. ರಕ್ತದ ಲವಣಗಳು ಅಲ್ಲಿ ಸಲೀಸಾಗಿ ಓಡಾಡುತ್ತವೆ. ವರ್ಷಗಟ್ಟಲೆ ಹೀಗೆ ನಡೆದಾಗ ಸ್ವಲ್ಪ ಅಲ್ಲೇ ಕೂರುವುದು ಆಶ್ಚರ್ಯವೇನಲ್ಲ.

ಮೂರನೆಯದು ಮೆದುಳಿನ ಹೊದಿಕೆ. ಎಡ ಬಲ ಭಾಗಗಳ ನಡುವೆ ಒಂದು ಗಟ್ಟಿ ಪೊರೆ ಇದೆ, ರಿಪೋರ್ಟಿನಲ್ಲಿ ‘ಫಾಲ್ಕ್ಸ್’ ಎಂದು ಬರೆಯುತ್ತಾರೆ. ವಯಸ್ಸಾದವರಲ್ಲಿ ಇದು ಅಲ್ಲಲ್ಲಿ ಸುಣ್ಣವಾಗುತ್ತದೆ. ಇದು ಮೆದುಳಿನ ಭಾಗವೇ ಅಲ್ಲ.

ನಾಲ್ಕನೆಯದು ಬೇಸಲ್ ಗ್ಯಾಂಗ್ಲಿಯಾ. ಮೆದುಳಿನ ಆಳದಲ್ಲಿ ಎರಡೂ ಬದಿ ಇರುವ ನರಕೋಶಗಳ ಗುಂಪು ಇದು. ಕೈಕಾಲಿನ ಚಲನೆ ಸರಾಗವಾಗಿರುವುದು ಇದರಿಂದ. ವಯಸ್ಸಾದವರಲ್ಲಿ ಎರಡೂ ಬದಿ ಸಮನಾಗಿ, ತೆಳುವಾಗಿ ಸುಣ್ಣ ಕಂಡರೆ ಅದನ್ನೂ ವಯಸ್ಸಿನ ಗುರುತು ಎಂದೇ ನೋಡುತ್ತಾರೆ. ಆದರೆ ಮೊದಲ ಮೂರಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಚಿಕ್ಕ ವಯಸ್ಸಿನಲ್ಲಿ ಇಲ್ಲಿ ಸುಣ್ಣ ಕಂಡರೆ ಡಾಕ್ಟರು ಸುಮ್ಮನೆ ಬಿಡುವುದಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಹಾಲು, ರಾಗಿ, ಕವಳದ ಸುಣ್ಣದಿಂದ ಬಂತೇ?

ಈ ಪ್ರಶ್ನೆ ಪ್ರತಿ ಮನೆಯಲ್ಲೂ ಬರುತ್ತದೆ. ಮಲೆನಾಡಿನಲ್ಲಂತೂ ಅಜ್ಜಿಯ ಕವಳದ ಸಂಚಿಯಲ್ಲಿರುವ ಸುಣ್ಣದ ಡಬ್ಬಿಯ ಮೇಲೆಯೇ ಎಲ್ಲರ ಕಣ್ಣು. ಇಷ್ಟು ವರ್ಷ ಸುಣ್ಣ ತಿಂದದ್ದಕ್ಕೇ ತಲೆಗೆ ಏರಿದೆ ಎಂದು ಬೈಯುವವರಿದ್ದಾರೆ.

ಹಾಗಲ್ಲ. ತಿಂದ ಕ್ಯಾಲ್ಸಿಯಂ ನೇರವಾಗಿ ಹೋಗಿ ಮೆದುಳಿನಲ್ಲಿ ಕೂರುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕು ಎಂಬುದನ್ನು ದೇಹ ಬಹಳ ಬಿಗಿಯಾಗಿ ಕಾಯುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 8.5ರಿಂದ 10.5 ಮಿಲಿಗ್ರಾಂ. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಇರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಇದನ್ನು ನೋಡಿಕೊಳ್ಳುತ್ತವೆ. ಜಾಸ್ತಿಯಾದದ್ದು ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಕಡಿಮೆಯಾದರೆ ಮೂಳೆಯಿಂದ ಬರುತ್ತದೆ. ಹಾಲು ಕುಡಿಯದವರ ಪೀನಿಯಲ್‌ನಲ್ಲೂ ಸುಣ್ಣ ಇರುತ್ತದೆ, ಎಲೆ ಅಡಿಕೆ ಮುಟ್ಟದವರಲ್ಲೂ ಇರುತ್ತದೆ.

ನನಗೆ ನಿಜಕ್ಕೂ ಕಳವಳ ಆಗುವುದು ಇಲ್ಲಿಯೇ. ರಿಪೋರ್ಟ್ ನೋಡಿ ಹೆದರಿ ಎಷ್ಟೋ ಹಿರಿಯರು ಹಾಲು, ಮಜ್ಜಿಗೆ, ರಾಗಿ ಬಿಡುತ್ತಾರೆ. ಮೂಳೆ ಸವೆತಕ್ಕೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸುತ್ತಾರೆ. ಇದರಿಂದ ಮೆದುಳಿನ ಚುಕ್ಕೆ ಕರಗುವುದಿಲ್ಲ, ಮೂಳೆ ಮಾತ್ರ ಇನ್ನಷ್ಟು ಸವೆಯುತ್ತದೆ. ಮುಂದಿನ ಮಳೆಗಾಲದಲ್ಲಿ ಅದೇ ಅಂಗಳದಲ್ಲಿ ಜಾರಿದರೆ ಸೊಂಟದ ಮೂಳೆಯೇ ಮುರಿಯಬಹುದು. ಡಾಕ್ಟರು ಬರೆದ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಬಿಡಬೇಡಿ.

ಕವಳ ಬಿಡಬೇಕಾದ ಕಾರಣ ಬೇರೆಯದೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆ ಜಗಿಯುವುದನ್ನು, ತಂಬಾಕು ಇಲ್ಲದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆಯನ್ನೇ ನಂಬಿದ ಊರಲ್ಲಿ ಇದು ಹೇಳಲು ಕಷ್ಟದ ಮಾತು, ಆದರೂ ಹೇಳಬೇಕು. ಬಾಯಿಯ ವಿಷಯ ಬಾಯಿಗೆ ಸಂಬಂಧಿಸಿದ್ದು. ಪೀನಿಯಲ್‌ನ ಚುಕ್ಕೆಗೂ ಅದಕ್ಕೂ ನಂಟಿಲ್ಲ.

ಯಾವಾಗ ಇನ್ನಷ್ಟು ನೋಡಬೇಕು?

ಚುಕ್ಕೆ ಸಹಜದ್ದೋ ಅಲ್ಲವೋ ಎಂದು ಹೇಳಲು ಡಾಕ್ಟರು ಮುಖ್ಯವಾಗಿ ನೋಡುವುದು ಜಾಗ, ವಯಸ್ಸು, ಗಾತ್ರ, ಮತ್ತು ಸುತ್ತಮುತ್ತ ಬಾವು ಅಥವಾ ಒತ್ತಡ ಇದೆಯೇ ಎಂಬುದನ್ನು. ಪೀನಿಯಲ್‌ನ ಸುಣ್ಣವೇ ಆದರೂ ಒಂದು ಸೆಂಟಿಮೀಟರ್ ಮೀರಿದ್ದರೆ, ಅಥವಾ ತೀರಾ ಚಿಕ್ಕ ಮಗುವಿನಲ್ಲಿ ಕಂಡರೆ, ಮುಂದಿನ ಪರೀಕ್ಷೆ ಬೇಕಾಗುತ್ತದೆ. ಕೆಲವು ಬಗೆಯ ಗಡ್ಡೆಗಳಲ್ಲೂ ಸುಣ್ಣ ಕೂರುತ್ತದೆ. ಆದರೆ ಅಲ್ಲಿ ಸಾಮಾನ್ಯವಾಗಿ ಸುಣ್ಣದ ಜೊತೆ ಗಡ್ಡೆಯ ಬೇರೆ ಗುರುತುಗಳೂ ಕಾಣುತ್ತವೆ, ರಿಪೋರ್ಟಿನಲ್ಲಿ ಅದನ್ನು ಬೇರೆಯಾಗಿಯೇ ಬರೆದಿರುತ್ತಾರೆ.

ಬೇಸಲ್ ಗ್ಯಾಂಗ್ಲಿಯಾದ ವಿಷಯಕ್ಕೆ ಬರೋಣ. ನಲವತ್ತರೊಳಗಿನವರಲ್ಲಿ ಕಂಡರೆ, ಅಥವಾ ಯಾವುದೇ ವಯಸ್ಸಿನಲ್ಲಿ ದಟ್ಟವಾಗಿ, ಅಗಲವಾಗಿ ಕಂಡರೆ, ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನು ಎಷ್ಟಿದೆ ಎಂದು ಪರೀಕ್ಷೆ ಮಾಡಿಸುತ್ತಾರೆ. ಇದು ಸರಳ ರಕ್ತ ಪರೀಕ್ಷೆ, ಶಿವಮೊಗ್ಗದಲ್ಲೇ ಆಗುತ್ತದೆ. ಮುಖ್ಯವಾಗಿ ಹುಡುಕುವುದು ಪ್ಯಾರಾಥೈರಾಯ್ಡ್ ಗ್ರಂಥಿಗಳು ಸರಿಯಾಗಿ ಕೆಲಸ ಮಾಡದ ಸ್ಥಿತಿಯನ್ನು. ವಿಚಿತ್ರ ಏನೆಂದರೆ, ಇಂಥವರ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುತ್ತದೆ, ರಂಜಕ ಹೆಚ್ಚಿರುತ್ತದೆ. ರಕ್ತದಲ್ಲಿ ಕಡಿಮೆ, ಮೆದುಳಿನಲ್ಲಿ ಮಾತ್ರ ಸುಣ್ಣ! ಹೆಚ್ಚಿದ ರಂಜಕ ವರ್ಷಾನುಗಟ್ಟಲೆ ಕ್ಯಾಲ್ಸಿಯಂ ಜೊತೆ ಸೇರಿ ಅಲ್ಲಿ ಕೂರುತ್ತಾ ಹೋಗುತ್ತದೆ. ಇಂಥವರಿಗೆ ಕ್ಯಾಲ್ಸಿಯಂ ಮತ್ತು ಡಿ ವಿಟಮಿನ್ ಕೊಡುವುದೇ ಚಿಕಿತ್ಸೆ. ಮೆದುಳಲ್ಲಿ ಸುಣ್ಣ ಇದೆ ಎಂದು ಕ್ಯಾಲ್ಸಿಯಂ ಬಿಟ್ಟರೆ ಇವರಿಗೆ ಅಪಾಯ.

ಥೈರಾಯ್ಡ್ ಆಪರೇಶನ್ ಆದವರು ಇದನ್ನು ನೆನಪಿಡಬೇಕು. ಆಗ ಪಕ್ಕದಲ್ಲೇ ಇರುವ ಪ್ಯಾರಾಥೈರಾಯ್ಡ್‌ಗೂ ಧಕ್ಕೆ ಆಗಿರಬಹುದು. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು, ಕೈ ಸೆಟೆದುಕೊಳ್ಳುವುದು, ಫಿಟ್ಸ್ ಬರುವುದು ಇದರ ಲಕ್ಷಣ. ಕುತ್ತಿಗೆಯ ಆಪರೇಶನ್ ಎಷ್ಟೋ ವರ್ಷ ಹಿಂದಿನದಾದರೂ ಸ್ಕ್ಯಾನ್ ನೋಡುವ ಡಾಕ್ಟರಿಗೆ ಹೇಳಿ.

ಒಂದೇ ಮನೆತನದ ಹಲವರಲ್ಲಿ ಬೇಸಲ್ ಗ್ಯಾಂಗ್ಲಿಯಾದಲ್ಲಿ ಸುಣ್ಣ ಕೂರುವ ಅಪರೂಪದ ಕಾಯಿಲೆಯೂ ಇದೆ. 1930ರಲ್ಲಿ ಜರ್ಮನಿಯ ಥಿಯೊಡೋರ್ ಫಾರ್ ಇಂಥ ಸುಣ್ಣದ ಬಗ್ಗೆ ಬರೆದಿದ್ದರಿಂದ ಅವರ ಹೆಸರು ಬಂತು. ನಡೆ, ಮಾತು, ನಡವಳಿಕೆಯಲ್ಲಿ ಬದಲಾವಣೆ ಇದ್ದು ಮನೆಯಲ್ಲಿ ಬೇರೆಯವರಿಗೂ ಹಾಗೇ ಆಗಿದ್ದರೆ ನರರೋಗ ತಜ್ಞರು ಆ ದಿಕ್ಕಿನಲ್ಲಿ ಯೋಚಿಸುತ್ತಾರೆ.

ಇನ್ನು ಲಾಡಿಹುಳುವಿನ ಚುಕ್ಕೆ. ಭಾರತದಲ್ಲಿ ಫಿಟ್ಸ್ ಬರುವುದಕ್ಕೆ ಇದು ದೊಡ್ಡ ಕಾರಣಗಳಲ್ಲಿ ಒಂದು. ಹಂದಿಯ ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋದರೆ ಅದರ ಮರಿ ರಕ್ತದ ಮೂಲಕ ಮೆದುಳು ಸೇರಬಹುದು. ಕೊನೆಗೆ ಅದು ಸತ್ತು, ಆ ಜಾಗ ಸುಣ್ಣವಾಗಿ ಗಟ್ಟಿಯಾಗುತ್ತದೆ. ‘ನಾವು ಮಾಂಸವನ್ನೇ ಮುಟ್ಟುವುದಿಲ್ಲ, ನಮಗೆ ಹೇಗೆ ಬಂತು?’ ಎಂದು ಕೇಳುವವರಿದ್ದಾರೆ. ಈ ಮೊಟ್ಟೆ ಬರುವುದು ಮಾಂಸದಿಂದಲ್ಲ, ಹುಳು ಇರುವ ಮನುಷ್ಯರ ಮಲದಿಂದ. ಕೊಳಕು ನೀರು, ತೊಳೆಯದ ಸೊಪ್ಪು, ತೊಳೆಯದ ಕೈ ಇದ್ದರೆ ಯಾರಿಗೂ ಬರಬಹುದು. ನಾಚಿಕೆಪಡುವ ಕಾರಣವೇ ಇಲ್ಲ. ಪೂರ್ತಿ ಸುಣ್ಣವಾದ ಚುಕ್ಕೆ ಮಾತ್ರ ಇದ್ದರೆ ಹುಳುವಿನ ಔಷಧಿ ಬೇಡ, ಹುಳು ಆಗಲೇ ಸತ್ತಿದೆ. ಆದರೆ ಆ ಕಲೆಯಿಂದ ಫಿಟ್ಸ್ ಬರುತ್ತಿದ್ದರೆ ಫಿಟ್ಸ್ ಮಾತ್ರೆಯನ್ನು ಡಾಕ್ಟರು ಹೇಳುವವರೆಗೆ ಬಿಡಬಾರದು.

ಕೊನೆಯದಾಗಿ, ತಲೆಬುರುಡೆಯ ಬುಡದಲ್ಲಿ ಹಾಯುವ ಕ್ಯಾರೋಟಿಡ್ ರಕ್ತನಾಳದ ಗೋಡೆಯಲ್ಲಿ ಸುಣ್ಣ ಎಂದು ಬರೆದಿದ್ದರೆ ಅದನ್ನು ಪೀನಿಯಲ್‌ನ ಲೆಕ್ಕಕ್ಕೆ ಸೇರಿಸಬೇಡಿ. ರಕ್ತನಾಳ ಗಡುಸಾಗುತ್ತಿರುವ ಗುರುತು ಅದು. ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ, ಬೀಡಿ ಸಿಗರೇಟು ಬಿಡಿ.

ಹಾಗಾದರೆ ನನ್ನ ತಲೆನೋವು?

ತಲೆನೋವಿಗೆ ಸ್ಕ್ಯಾನ್ ಮಾಡಿಸಿದವರಿಗೆ ಚುಕ್ಕೆ ಕಂಡ ಕೂಡಲೇ ಕಾರಣ ಸಿಕ್ಕಿತು ಅನ್ನಿಸುವುದು ಸಹಜ. ಆದರೆ ಸಹಜ ಸುಣ್ಣದ ಚುಕ್ಕೆಯಿಂದ ತಲೆನೋವು, ತಲೆಸುತ್ತು ಬರುವುದಿಲ್ಲ. ಮೆದುಳಿನ ಒಳಭಾಗಕ್ಕೆ ನೋವು ತಿಳಿಯುವ ನರಗಳೇ ಇಲ್ಲ. ನೋವು ಬರುವುದು ಹೊದಿಕೆ, ರಕ್ತನಾಳ, ಕುತ್ತಿಗೆ ಮತ್ತು ನೆತ್ತಿಯ ಸ್ನಾಯುಗಳಿಂದ. ಮೈಗ್ರೇನ್, ನಿದ್ದೆಗೇಡು, ಕುತ್ತಿಗೆ ಬಿಗಿತ, ಹೀಗೆ ಬೇರೆ ಕಾರಣ ಹುಡುಕಬೇಕು. ಚುಕ್ಕೆಯ ಮೇಲೆ ಭಾರ ಹಾಕಿ ಸುಮ್ನೆ ಕೂತರೆ ನಿಜವಾದ ಕಾರಣಕ್ಕೆ ಚಿಕಿತ್ಸೆ ತಪ್ಪುತ್ತದೆ.

ಒಂದು ಎಚ್ಚರ ಮಾತ್ರ ಇರಲಿ. ಪೆಟ್ಟಾದಾಗ ಸ್ಕ್ಯಾನ್ ಸರಿ ಇದ್ದರೂ ಮುಂದಿನ ದಿನಗಳಲ್ಲಿ ಪದೇ ಪದೇ ವಾಂತಿ, ಮಂಪರು, ಮಾತು ತೊದಲುವುದು, ಒಂದು ಬದಿ ಕೈಕಾಲು ಸೋಲುವುದು, ಫಿಟ್ಸ್, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವ ಹಿರಿಯರ ವಿಷಯದಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು.

ಮತ್ತೆ ಸ್ಕ್ಯಾನ್ ಬೇಕಾ? ಎಂಆರ್‌ಐ ಮಾಡಿಸಬೇಕಾ?

‘ಫಿಸಿಯೊಲಾಜಿಕಲ್’ ಎಂದು ಬರೆದ ಚುಕ್ಕೆ ಬೆಳೆದಿದೆಯೇ ಎಂದು ನೋಡಲು ವರ್ಷಕ್ಕೊಮ್ಮೆ ಸಿ.ಟಿ. ಮಾಡಿಸುವ ಅಗತ್ಯ ಇಲ್ಲ. ತಲೆಯ ಒಂದು ಸಿ.ಟಿ.ಯಲ್ಲಿ ದೇಹಕ್ಕೆ ತಾಗುವ ವಿಕಿರಣ ಸುಮಾರು 2 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಸಹಜವಾಗಿ ಒಬ್ಬರಿಗೆ ವರ್ಷಕ್ಕೆ ತಾಗುವುದು ಜಗತ್ತಿನ ಸರಾಸರಿಯಲ್ಲಿ 2.4ರಷ್ಟು. ಬೇಕಾದಾಗ ಮಾಡಿಸಲು ಹೆದರುವಷ್ಟಲ್ಲ. ಕಾರಣವಿಲ್ಲದೆ ಮಾಡಿಸುವುದು ಮಾತ್ರ ಬೇಡ, ಮಕ್ಕಳಿಗಂತೂ ಬೇಡವೇ ಬೇಡ.

ಎಂಆರ್‌ಐ ಎಲ್ಲದಕ್ಕೂ ಮೇಲು ಎಂಬ ನಂಬಿಕೆ ಇದೆ. ಸುಣ್ಣದ ವಿಷಯದಲ್ಲಿ ಅದು ಹಾಗಲ್ಲ. ಮಾಮೂಲಿ ಎಂಆರ್‌ಐ ಚಿತ್ರಗಳಲ್ಲಿ ಸುಣ್ಣ ಸರಿಯಾಗಿ ಕಾಣುವುದೇ ಇಲ್ಲ. ಸಿ.ಟಿ.ಯಲ್ಲಿ ಇದ್ದ ಚುಕ್ಕೆ ಎಂಆರ್‌ಐಯಲ್ಲಿ ಕಾಣಲಿಲ್ಲ ಎಂದರೆ ವಾಸಿಯಾಯಿತು ಎಂದಲ್ಲ. ಚುಕ್ಕೆಯ ಸುತ್ತ ಬಾವು ಅಥವಾ ಗಡ್ಡೆ ಇರಬಹುದೇ ಎಂಬ ಅನುಮಾನ ಬಂದಾಗ ಎಂಆರ್‌ಐ ಬೇಕು. ಆಗ ಡಾಕ್ಟರೇ ಹೇಳುತ್ತಾರೆ.

ನೀವು ಮಾಡಬೇಕಾದ ಮುಖ್ಯ ಕೆಲಸ ಒಂದಿದೆ. ಹಳೆಯ ಸ್ಕ್ಯಾನಿನ ಫಿಲಂ ಅಥವಾ ಸಿ.ಡಿ. ಎಸೆಯಬೇಡಿ. ಮಳೆಗಾಲದ ತೇವಕ್ಕೆ ಫಿಲಂ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಹಾಗಾಗಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಒಣ ಜಾಗದಲ್ಲಿಡಿ. ರಿಪೋರ್ಟಿನ ಫೋಟೋ ಮನೆಯ ಇಬ್ಬರ ಫೋನಿನಲ್ಲಿರಲಿ. ಮುಂದೆಂದೋ ಮತ್ತೆ ತಲೆಗೆ ಪೆಟ್ಟಾಗಿ, ನಿಮ್ಮನ್ನು ಹಿಂದೆಂದೂ ನೋಡಿರದ ಡಾಕ್ಟರ ಮುಂದೆ ರಾತ್ರಿ ಹೊತ್ತಲ್ಲಿ ಹೊಸ ಸ್ಕ್ಯಾನ್ ಬಂದಾಗ, ಈ ಬಿಳಿ ಚುಕ್ಕೆ ರಕ್ತವೋ ಹಳೆಯ ಸುಣ್ಣವೋ ಎಂಬ ಪ್ರಶ್ನೆ ಏಳಬಹುದು. ಹಳೆಯ ಚಿತ್ರ ಪಕ್ಕದಲ್ಲಿದ್ದರೆ ಅವರು ಎರಡನ್ನೂ ಹೋಲಿಸಿ ಬೇಗನೆ ತೀರ್ಮಾನಕ್ಕೆ ಬರಬಹುದು.